ಒಂಬತ್ತು ಹೆಸರಿನ ಒಂದು ತೋಳು

ಚೆಂಬೂರು ಸ್ಟೇಷನ್ನಿನ ಹೊರಗೆ ತ್ಯಾಂಪಣ್ಣ ಶೆಟ್ಟರ ಹೋಟೆಲಿನಲ್ಲಿ ಪಾತ್ರೆ ತೊಳೆಯುತ್ತಿದ್ದ ಐತನಿಗೆ ಸರಕಾರದ ಸೂಜಿಯ ವಿಷಯದಲ್ಲಿ ಇದ್ದಷ್ಟು ಅನುಭವ ಆ ಕಾಲದ ಮುಂಬಯಿಯಲ್ಲಿ ಇನ್ನೊಬ್ಬನಿಗೆ ಇದ್ದಿರಲಾರದು. ಆರು ವರ್ಷಗಳಲ್ಲಿ ಅವನ ಎರಡು ತೋಳುಗಳಿಗೆ ನಲವತ್ತಕ್ಕೂ ಹೆಚ್ಚು ಸಲ ಕಾಲರಾದ ಸೂಜಿ ಬಿದ್ದಿತ್ತು. ಅಷ್ಟೂ ಬೇರೆಯವರ ಹೆಸರಿನಲ್ಲಿ. ತನ್ನ ಹೆಸರಿನಲ್ಲಿ ಅವನು ಒಂದನ್ನೂ ಚುಚ್ಚಿಸಿಕೊಂಡಿರಲಿಲ್ಲ. ಚುಚ್ಚಿಸಿಕೋ ಎಂದು ಯಾರೂ ಹೇಳಿರಲೂ ಇಲ್ಲ.

ಅವನು ಬೆಳ್ಮಣ್ಣಿನ ಕಡೆಯವನು. ಅದೇ ಊರಿನ ದೂಜ, ಮೊದಲೇ ಬಂದು ಆ ಹೋಟೆಲಿನಲ್ಲಿ ಸಪ್ಲೈಯರ್ ಆಗಿದ್ದವನು, ಇವನನ್ನು ಕರೆಸಿಕೊಂಡಿದ್ದ. ಬಂದ ದಿನ ಹಿಂದಿನ ಬಾಗಿಲಿನ ನಲ್ಲಿಯ ಹತ್ತಿರ ಕುಕ್ಕರಗಾಲಲ್ಲಿ ಕೂತ ಐತ ಮತ್ತೆ ಏಳಲಿಲ್ಲ ಎಂದೇ ಹೇಳಬೇಕು. ಬೆಳಗಿನಿಂದ ಸಂಜೆಯ ತನಕ ನೀರು, ಬೂದಿ, ಸೋಡಾಪುಡಿ. ಬೆರಳಿನ ಸಂದುಗಳು ಬೆಳ್ಳಗೆ ಕೊಳೆತು, ಉಗುರಿನ ಬುಡ ಬಾತು, ಊಟದ ತಟ್ಟೆಯ ಸಾರು ತಾಗಿದರೆ ಉರಿಯುತ್ತಿತ್ತು. ಊರಿನಲ್ಲಿ ಬೀಡಿ ಕಟ್ಟಿಕೊಂಡಿದ್ದ ಹೆಂಡತಿ ಸೇವಂತಿಗೆ ಅವನು ಬರೆಸುತ್ತಿದ್ದ ಕಾಗದಗಳಲ್ಲಿ ಒಂದೇ ಆಸೆ: ಈ ಕೈ ಒಮ್ಮೆ ನೀರಿನಿಂದ ಹೊರಗೆ ಬರಬೇಕು. ಸಪ್ಲೈಯರ್ ಆಗಬೇಕು, ಒಣಗಿದ ಅಂಗಿ ಹಾಕಬೇಕು, ಟೇಬಲಿನ ಹತ್ತಿರ ನಿಂತು ಏನು ಬೇಕೆಂದು ಕೇಳಬೇಕು.

ಈ ಆಸೆಗೂ ಸೂಜಿಗೂ ಗಂಟು ಬಿದ್ದದ್ದು ಹೀಗೆ. ಹೋಟೆಲಿನಲ್ಲಿ ತಿಂಡಿ ಮುಟ್ಟುವವರೆಲ್ಲ ವರ್ಷಕ್ಕೊಮ್ಮೆ ವಾರ್ಡಿನ ದವಾಖಾನೆಗೆ ಹೋಗಿ ಕಾಲರಾದ ಸೂಜಿ ಹಾಕಿಸಿಕೊಂಡು ಕಾರ್ಡು ತರಬೇಕೆಂದು ಕಾನೂನು. ಕಾನೂನು ಒಳ್ಳೆಯದೇ. ಆದರೆ ಸೂಜಿ ಬಿದ್ದವನು ಎರಡು ದಿನ ಜ್ವರದಲ್ಲಿ ಮುಲುಗುತ್ತಾನೆ. ತಿಂಡಿ ಮುಟ್ಟುವ ಒಂಬತ್ತು ಜನವೂ ಮುಲುಗಿದರೆ ಹೋಟೆಲಿಗೆ ಬಾಗಿಲು. ಇನ್‌ಸ್ಪೆಕ್ಟರು ಮಾತ್ರ ತಪ್ಪದೆ ಬರುತ್ತಿದ್ದ. ಮಸಾಲೆ ದೋಸೆ ತಿಂದು, ಗಲ್ಲಾದ ಹಿಂದೆ ತಂತಿಗೆ ಪೋಣಿಸಿದ್ದ ಕಾರ್ಡುಗಳನ್ನು ಎಣಿಸಿ, ಒಂಬತ್ತಾದರೆ ಕೈ ತೊಳೆದು ಹೋಗುತ್ತಿದ್ದ. ಸರಕಾರ ಅವನಿಗೆ ಎಣಿಸಲು ಕೊಟ್ಟದ್ದು ಕಾರ್ಡು, ತೋಳಲ್ಲ.

ದೂಜನಿಗೆ ಸೂಜಿಯೆಂದರೆ ಜೀವಭಯ. ಮೊದಲ ವರ್ಷ ಅವನು ಐತನ ಪಕ್ಕದಲ್ಲಿ ಬಂದು ಕೂತು ಬಹಳ ಪ್ರೀತಿಯಿಂದ ಬೆನ್ನು ಸವರಿದ.

“ನೋಡು ಐತಾ, ನಮ್ಮ ಊರಲ್ಲಿ ಧಣಿಗಳ ಹೆಸರಲ್ಲಿ ಆಳುಗಳು ಉರುಳು ಸೇವೆ ಮಾಡುವುದು ಉಂಟಾ ಇಲ್ವಾ?”

“ಉಂಟು.”

“ಉರುಳುವುದು ಆಳು, ಹರಕೆ ಸಂದದ್ದು ಧಣಿಗೆ. ದೇವರೇ ಒಪ್ಪುತ್ತಾರೆ. ಇನ್ನು ಈ ಸರಕಾರ ಎಂತ ದೊಡ್ಡದು ಮಾರಾಯ? ನನ್ನ ಹೆಸರು ಹೇಳಿ ತೋಳು ಕೊಟ್ಟು ಬಾ. ಪುಣ್ಯ ನನಗೆ ಬರ್ತದೆ.”

ಐತನಿಗೆ ಇದು ಸರಿ ಎನ್ನಿಸಿತು. ಮೊದ್ದು ತಲೆಯವನೆಂದು ನಗಬೇಡಿ. ಅಡಿಗೆಯ ವಾಸುದೇವ ಭಟ್ಟರೂ ಸೇರಿ ಉಳಿದ ಎಂಟು ಜನರಿಗೂ ಅದು ಸರಿಯೆನ್ನಿಸಿತ್ತು. ಐತ ಹೋದ, ಹೆಸರು ಕೇಳಿದಾಗ ದೂಜ ಎಂದ. ಕಂಪೌಂಡರ್ ತಲೆ ಎತ್ತದೆ ಬರೆದು, ತಲೆ ಎತ್ತದೆ ಚುಚ್ಚಿದ. ಸೂಜಿ ಒಳಗೆ ಹೋಗುವಾಗ ಐತ, ಹರಕೆ ಎಲ್ಲಿ ದಾರಿ ತಪ್ಪುತ್ತದೋ ಎಂದು ಹೆದರಿ, ದೂಜನ ನಕ್ಷತ್ರವನ್ನೂ ಮೆಲ್ಲಗೆ ಹೇಳಿಕೊಂಡ.

ಮರುವರ್ಷ ಒಂಬತ್ತು ಜನರೂ ತಂತಮ್ಮ ನಕ್ಷತ್ರ ಹಿಡಿದು ಬಂದರು. ದವಾಖಾನೆಯ ಸೂಜಿಯ ಶಿಬಿರ ಐದಾರು ವಾರ ನಡೆಯುತ್ತಿತ್ತು. ಐತ ಒಂದು ಸಲ ಎಡದ ತೋಳು, ಒಂದು ಸಲ ಬಲದ ತೋಳು ಎಂದು ಹಂಚಿಕೊಂಡು ಹೋದ. ಬಾತ ತೋಳಿನಲ್ಲೇ ಪಾತ್ರೆ ಉಜ್ಜಿದ. ಪಾತ್ರೆಯವನಿಗೆ ಜ್ವರ ಬಂದರೆ ಗಿರಾಕಿಗೆ ಕಾಣುವುದಿಲ್ಲ ನೋಡಿ. ಶೆಟ್ಟರಿಗೆ ಬಹಳ ಸಂತೋಷವಾಯಿತು. “ಈ ವರ್ಷದ ಸೂಜಿ ಒಂದು ಮುಗಿಯಲಿ ಐತಾ, ನಿನ್ನನ್ನು ಸಪ್ಲೈಯರ್ ಮಾಡುವಾ” ಎಂದರು. ಈ ಮಾತನ್ನು ಅವರು ಪ್ರತಿ ವರ್ಷವೂ ಅಷ್ಟೇ ಸಂತೋಷದಿಂದ ಹೇಳುತ್ತಾ ಬಂದರು.

ಹೋಟೆಲಿನ ಹಿಂದಿನ ಝೋಪಡಿಗಳಲ್ಲಿ ಕಲಬುರ್ಗಿ ಕಡೆಯ ಕಟ್ಟಡದ ಕೂಲಿಯವರಿದ್ದರು. ಅವರದು ಇನ್ನೂ ನೇರವಾದ ದಾರಿ. ಧ್ವನಿವರ್ಧಕ ಕಟ್ಟಿದ ಸೂಜಿಯ ವ್ಯಾನು ಮರಾಠಿಯಲ್ಲಿ ಕೂಗುತ್ತಾ ಬಂದರೆ ಮಕ್ಕಳನ್ನು ಕಂಕುಳಿಗೆ ಹಾಕಿಕೊಂಡು, ಬಾಗಿಲಿಗೆ ಬೀಗ ಜಡಿದು, ಸ್ಟೇಷನ್ನಿನ ಪ್ಲಾಟ್‌ಫಾರ್ಮಿನಲ್ಲಿ ಹೋಗಿ ಕೂರುತ್ತಿದ್ದರು. ಅವರ ಮುಂದಾಳು ನಾಗವ್ವ ಎಂಬ ಗಟ್ಟಿ ಹೆಂಗಸು, ಹಿಂದಿನ ಬಾಗಿಲಿಗೆ ಚಹಾಕ್ಕೆ ಬರುವವಳು. “ಸರಕಾರಕ್ಕ ನಮ್ಮ ಹೊಟ್ಟಿ ಕಾಣಲ್ಲ, ನಳ ಕಾಣಲ್ಲ, ಗಟಾರ ಕಾಣಲ್ಲ. ತೋಳು ಒಂದ ಕಾಣ್ತದ ನೋಡ್ರಿ” ಎನ್ನುತ್ತಿದ್ದಳು. ವ್ಯಾನಿನವರು ಬೀಗಗಳ ಮುಂದೆ ಸ್ವಲ್ಪ ಹೊತ್ತು ಕೂಗಿ, ಬೀಗಗಳಿಗೇ ಸೂಜಿ ಹಾಕಿದಂತೆ ಪಟ್ಟಿಯಲ್ಲಿ ಗುರುತು ಮಾಡಿಕೊಂಡು ಹೊರಟುಹೋಗುತ್ತಿದ್ದರು.

ಆಮೇಲೆ ಹಾಂಗ್‌ಕಾಂಗ್ ಫ್ಲೂ ಎಂಬ ಜ್ವರ ಊರಿಗೆ ಬಂತು. ಮನೆಮನೆಯಲ್ಲಿ ಕೆಮ್ಮು, ಲೋಕಲ್ ರೈಲಿನ ಡಬ್ಬಿಯಲ್ಲಿ ಸೀನು. ಸೂಜಿ ಕಂಡರೆ ಓಡುತ್ತಿದ್ದ ಜನರಿಗೆ ಒಮ್ಮೆಲೇ ಸೂಜಿ ಬೇಕಾಯಿತು. ಈ ಜ್ವರಕ್ಕೂ ಸೂಜಿ ಇದೆಯಂತೆ, ಮಂತ್ರಿಗಳು ತಮ್ಮ ಮನೆಯವರಿಗೆ ಹಾಕಿಸಿ ಉಳಿದದ್ದನ್ನು ಬಚ್ಚಿಟ್ಟಿದ್ದಾರಂತೆ ಎಂದು ಹೋಟೆಲಿನ ಟೇಬಲುಗಳಲ್ಲಿ ಗಿರಾಕಿಗಳು ಕೂಗಾಡಿದರು. ದವಾಖಾನೆಯ ಮುಂದೆ ಸಾಲು ನಿಂತರು. ಒಳಗಿನಿಂದ ಬಂದದ್ದು ಬಿಳಿ ಗುಳಿಗೆ, ಮತ್ತು ಹೆದರಬೇಡಿ ಎಂದು ಬರೆದ ಚೀಟಿ. ಬೇಡ ಎಂದವರ ಹಿಂದೆ ವ್ಯಾನು ಓಡಿಸುವ ಸರಕಾರ ಬೇಕು ಎಂದವರಿಗೆ ಚೀಟಿ ಕೊಡುತ್ತದೆ. ಜನರೂ ಕಡಿಮೆಯವರಲ್ಲ, ಇಲ್ಲದ ಸೂಜಿಯ ಮೇಲೆ ಮಾತ್ರ ಅವರಿಗೆ ಪ್ರೀತಿ.

ಶೆಟ್ಟರ ಹೋಟೆಲಿನಲ್ಲಿ ಒಂಬತ್ತು ಜನರೂ ಮಲಗಿದರು. ಐತನೊಬ್ಬನೇ ಗಟ್ಟಿಯಾಗಿ ನಿಂತಿದ್ದ. ಅವರಿಗೆ ಕಷಾಯ ಕಾಸಿ ಕೊಡುವಾಗ ಅವನಿಗೆ ಸಿಕ್ಕಿದ ಮರ್ಯಾದೆ ಕೇಳಬೇಕು.

“ನನ್ನ ಹೆಸರಿನ ಸೂಜಿಯನ್ನು ನೀನು ಮನಸ್ಸಿಟ್ಟು ತಗೊಂಡಿಲ್ಲ,” ಎಂದು ಭಟ್ಟರು ಕಂಬಳಿಯೊಳಗಿನಿಂದ ಆಪಾದಿಸಿದರು.

“ಅದು ಕಾಲರಾದ್ದು ಭಟ್ರೇ, ಇದು ಬೇರೆ ಜ್ವರ.”

“ಎಂತ ಬೇರೆ? ಮತ್ತೆ ನಿನಗೆ ಒಬ್ಬನಿಗೆ ಹೇಗೆ ಬರಲಿಲ್ಲ? ಒಂಬತ್ತೂ ನೀನೇ ಇಟ್ಟುಕೊಂಡದ್ದು!”

ದೂಜ ಕೆಮ್ಮುತ್ತಾ ಹೌದು ಹೌದು ಎಂದ. ಐತ ಆ ದಿನ ಗೋಡೆಯ ಕಡೆ ತಿರುಗಿ ಅತ್ತ. ಅತ್ತರೂ ಮರುವರ್ಷ ಅವರ ಹೆಸರು ಹೇಳುವಾಗ ಇನ್ನೂ ಸ್ವಲ್ಪ ಗಟ್ಟಿಯಾಗಿ ಹೇಳಿದ. ಆ ಜಾತಿಯ ಮನುಷ್ಯ ಅವನು. ಇಂಥವರನ್ನು ಕಂಡರೆ ನನಗೆ ಪ್ರೀತಿ ಬರುತ್ತದೆ, ಅದಕ್ಕಿಂತ ಮೊದಲು ಸಿಟ್ಟು ಬರುತ್ತದೆ.

ಎಪ್ಪತ್ಮೂರರ ಬೇಸಿಗೆಯಲ್ಲಿ ಶೆಟ್ಟರು ಅಟ್ಟದ ಮೇಲೆ ಫ್ಯಾಮಿಲಿ ರೂಮು ಮಾಡಿದರು. ಒಬ್ಬ ಸಪ್ಲೈಯರ್ ಹೆಚ್ಚಿಗೆ ಬೇಕಾಯಿತು. ಈ ಸಲ ಅವರು ನಿಜವಾಗಿಯೂ ಐತನನ್ನು ಕರೆದರು. ಬಿಳಿ ಅಂಗಿ ತೋರಿಸಿದರು.

“ಸೋಮವಾರ ರೂಮು ಶುರು. ಆದರೆ ದವಾಖಾನೆಗೆ ಹೊಸ ಡಾಕ್ಟರು ಬಂದಿದ್ದಾರೆ, ಭಾರಿ ಕಟ್ಟುನಿಟ್ಟು. ಕಾರ್ಡಿಲ್ಲದವನನ್ನು ಟೇಬಲಿನ ಹತ್ತಿರ ಬಿಡುವ ಹಾಗಿಲ್ಲ. ನಿನ್ನ ಹೆಸರಿಗೆ ಒಂದು ಕಾರ್ಡು ಮಾಡಿಸಿಕೊಂಡು ಬಾ.”

“ಸೋಮವಾರ ಆಗದಿದ್ದರೆ ಧಣಿ?”

“ನನ್ನ ಹೆಂಡತಿಯ ಅಣ್ಣನ ಮಗ ಒಬ್ಬ ಕಾಯ್ತಾ ಇದ್ದಾನೆ,” ಎಂದರು ಶೆಟ್ಟರು, ಗಲ್ಲಾ ಒರೆಸುತ್ತಾ.

ಐತ ಶುಕ್ರವಾರ ಬೆಳಗ್ಗೆ ತಲೆ ಬಾಚಿ ಹೋದ. ಹೊಸ ಡಾಕ್ಟರು ಧಾರವಾಡದವರು. ಕನ್ನಡ ಕೇಳಿ ಮುಖ ಅರಳಿಸಿದರು. ಐತ ಮೊದಲ ಸಲ ಸ್ವಂತ ಹೆಸರು ಹೇಳಿದ. ಹೇಳುವಾಗ ನಾಲಗೆ ತಡವರಿಸಿತು. ಅಂಗಿಯ ತೋಳು ಮಡಚಿದಾಗ ಡಾಕ್ಟರ ಮುಖ ಬದಲಾಯಿತು. ಎಡದ ತೋಳಿನಲ್ಲಿ ಮೊನ್ನೆಯ ಬಾವು, ಬಲದ ತೋಳಿನಲ್ಲಿ ಅದಕ್ಕೂ ಮೊದಲಿನ ಗಂಟು. ಆ ವರ್ಷದ ಒಂಬತ್ತನೆಯ ಹೆಸರು ಮುಗಿದು ಮೂರು ದಿನವಾಗಿತ್ತಷ್ಟೆ.

“ಇದೇನಪಾ ಇದು? ಯಾರು ಚುಚ್ಯಾರ ಇಷ್ಟು?”

ಐತನಿಗೆ ಸುಳ್ಳು ಹೊಳೆಯಲಿಲ್ಲ. ಹರಕೆ, ನಕ್ಷತ್ರ, ಒಂಬತ್ತು ಜನ, ಎಲ್ಲ ಹೇಳಿಬಿಟ್ಟ. ಡಾಕ್ಟರು ರಿಜಿಸ್ಟರು ತೆರೆದರು. ಹೋಟೆಲಿನ ಹೆಸರಿನ ಮುಂದೆ ಒಂಬತ್ತಕ್ಕೆ ಒಂಬತ್ತು. ಇಡೀ ವಾರ್ಡಿನ ಹೋಟೆಲುಗಳ ಮುಂದೆ ನೂರಕ್ಕೆ ನೂರು. ವರದಿ ಮೇಲಕ್ಕೆ ಹೋಗಿ, ಮೇಲಿನವರು ಬಹಳ ಚೆನ್ನಾಗಿದೆ ಎಂದು ಬರೆದ ಕಾಗದವೂ ಬಂದಿತ್ತು. ಡಾಕ್ಟರು ಅದನ್ನು ಓದಿದರು, ಐತನ ತೋಳು ನೋಡಿದರು, ಮತ್ತೆ ಅದನ್ನು ಓದಿದರು. ಕೊನೆಗೆ ರಿಜಿಸ್ಟರನ್ನು ಮೆಲ್ಲಗೆ ಮುಚ್ಚಿದರು.

“ನೀ ಹೇಳಿದ್ದು ನಾ ಕೇಳಿಲ್ಲ. ಆದ್ರ ಈ ತೋಳಿಗೆ ಈಗ ಸೂಜಿ ಹಾಕೂದಿಲ್ಲ. ನಿನಗ ಏನರೆ ಆದ್ರ ಯಾರು ಜವಾಬ್ದಾರಿ? ಎರಡು ತಿಂಗಳು ಬಿಟ್ಟು ಬಾ.”

“ಸೂಜಿ ನನ್ನ ಮೈಯಲ್ಲೇ ಉಂಟಲ್ಲ ಡಾಕ್ಟ್ರೇ. ಕಾರ್ಡು ಮಾತ್ರ ಕೊಡಿ.”

“ಸೂಜಿ ಹಾಕದ ಕಾರ್ಡು ಕೊಡ್ಲಿಕ್ಕೆ ಬರೂದಿಲ್ಲ. ಅದು ಕಾನೂನಿಗೆ ವಿರುದ್ಧ,” ಎಂದರು ಆ ಕಟ್ಟುನಿಟ್ಟಿನ ಡಾಕ್ಟರು.

ಹೊರಗೆ ಬಂದಾಗ ಕಂಪೌಂಡರ್ ಬೀಡಿ ಹಚ್ಚುತ್ತಾ ನಿಂತಿದ್ದ. ಆರು ವರ್ಷಗಳಲ್ಲಿ ಮೊದಲ ಸಲ ಐತನ ಮುಖ ನೋಡಿ, “ಕಿಸೀ ಕೋ ಭೀ ಭೇಜ್ ದೇ,” ಎಂದು ಕಣ್ಣು ಮಿಟುಕಿಸಿದ. ಯಾರನ್ನಾದರೂ ಕಳಿಸು, ಐತ ಎಂದು ಹೇಳಲಿ. ನಮಗೆ ಬೇಕಾದದ್ದು ಒಂದು ತೋಳು.

ಐತನ ಜೀವಕ್ಕೆ ಜೀವ ಬಂತು. ಯಾರೋ ಒಬ್ಬರು! ಒಂಬತ್ತು ಜನರ ಜ್ವರ ತಾನು ತಿಂದಿದ್ದಾನೆ, ತನ್ನದೊಂದು ತಿನ್ನಲು ಒಬ್ಬನಾದರೂ ಬರಲಾರನೇ? ಓಡಿಕೊಂಡೇ ಹೋಟೆಲಿಗೆ ಬಂದು ಒಬ್ಬೊಬ್ಬರನ್ನೇ ಕೇಳಿದ. ಭಟ್ಟರಿಗೆ ಶನಿವಾರ ಉಪವಾಸ, ಬರಿ ಹೊಟ್ಟೆಯಲ್ಲಿ ಸೂಜಿ ಆಗದು. ಚಹಾದವನಿಗೆ ತೋಳು ಬಾತರೆ ಚಹಾ ಎತ್ತಿ ಹೊಯ್ಯುವುದು ಹೇಗೆ? ದೋಸೆಯವನಿಗೆ ಮದುವೆ ನಿಶ್ಚಯವಾಗಿದೆ, ಹುಡುಗಿಯ ಕಡೆಯವರಿಗೆ ಗೊತ್ತಾದರೆ ಏನೆಂದುಕೊಂಡಾರು? ಹೀಗೆ ಎಂಟು ಜನ ಮುಗಿದು ಕೊನೆಗೆ ದೂಜ ಉಳಿದ. ಒಂದೇ ಚಾಪೆಯಲ್ಲಿ ಆರು ವರ್ಷ ಮಲಗಿದವನು.

“ನನಗೆ ತಲೆ ತಿರುಗ್ತದೆ ಮಾರಾಯ, ನಿನಗೆ ಗೊತ್ತುಂಟಲ್ಲ,” ಎಂದ ದೂಜ. “ಮತ್ತೆ ನಿನಗಾದರೆ ಅಭ್ಯಾಸ ಉಂಟು. ನಮಗೆ ಅಭ್ಯಾಸ ಎಲ್ಲಿಂದ ಬರಬೇಕು?”

ಐತ ಹಿಂದಿನ ಬಾಗಿಲಿಗೆ ಹೋಗಿ ಪಾತ್ರೆಯ ರಾಶಿಯ ಮುಂದೆ ಕೂತ. ಚಹಾಕ್ಕೆ ಬಂದಿದ್ದ ನಾಗವ್ವ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಲೋಟ ಕೆಳಗಿಟ್ಟು ಸೆರಗು ಸೊಂಟಕ್ಕೆ ಸಿಕ್ಕಿಸಿದಳು.

“ಏಳೋ ತಮ್ಮಾ, ನಾ ಬರ್ತೀನಿ ನಡಿ. ಸೂಜಿ ಅಂದ್ರ ನನಗ ಅಂಜಿಕಿ ಅದ, ಖರೆ. ಕಣ್ಣು ಮುಚ್ಕೊಂಡು ನಿಂದರ್ತೀನಿ.”

“ನೀವು ಹೆಂಗಸು ನಾಗವ್ವ. ಐತ ಅಂತ ಬರೆಯುವುದಿಲ್ಲ ಅವರು.”

“ಅವ್ರು ಮಾರಿ ಎಲ್ಲಿ ನೋಡ್ತಾರ?” ಎಂದು ಅವಳು ಬಿಡಲಿಲ್ಲ. ಐತನಿಗೆ ನಗು ಬಂತು, ಅದರ ಹಿಂದೆಯೇ ಕಣ್ಣೀರು ಬಂತು. ವ್ಯಾನು ಕಂಡರೆ ಸ್ಟೇಷನ್ನಿಗೆ ಓಡುವ ಹೆಂಗಸು ಅವಳು. ಅವಳನ್ನು ಸೂಜಿಯ ಮುಂದೆ ನಿಲ್ಲಿಸಲು ಅವನಿಗೆ ಮನಸ್ಸು ಬರಲಿಲ್ಲ.

ಸೋಮವಾರ ಬಿಳಿ ಅಂಗಿಯನ್ನು ಶೆಟ್ಟರ ಹೆಂಡತಿಯ ಅಣ್ಣನ ಮಗ ಹಾಕಿಕೊಂಡ. ಅವನ ಕೈಯಲ್ಲಿ ಊರಿನ ಆಸ್ಪತ್ರೆಯ ಯಾವುದೋ ಕಾರ್ಡಿತ್ತು. ಅದು ಮಲೇರಿಯಾದ್ದು ಎಂದು ಯಾರೂ ಓದಿ ನೋಡಲಿಲ್ಲ. ಮಧ್ಯಾಹ್ನ ಊಟದ ಗದ್ದಲ ಇಳಿದ ಮೇಲೆ ಐತ ಕೈ ಒರೆಸಿಕೊಂಡು ಗಲ್ಲಾದ ಹತ್ತಿರ ಬಂದ. ತಂತಿಯಲ್ಲಿ ಒಂಬತ್ತು ಕಾರ್ಡುಗಳಿದ್ದವು. ಒಂಬತ್ತೂ ತನ್ನವೇ ಎನ್ನಬಹುದಿತ್ತು, ಆದರೆ ಅವನು ತೆಗೆದದ್ದು ಒಂದನ್ನು. ದೂಜನದನ್ನು. ಹೋಗಿ ಬರ್ತೇನೆ ಧಣಿ ಎಂದ. ಬೀಡಿ ಸೇದಲು ಹೊರಟನೆಂದುಕೊಂಡು ಶೆಟ್ಟರು ಹೂಂ ಎಂದರು.

ವಿಕ್ರೋಳಿಯ ಕಾರ್ಖಾನೆಗಳ ಎದುರಿನ ಹೋಟೆಲೊಂದಕ್ಕೆ ಸಪ್ಲೈಯರ್ ಬೇಕಾಗಿತ್ತು. ಅಲ್ಲಿಯ ಧಣಿ ಕುಂದಾಪುರದವರು, ಕಾರ್ಡು ನೋಡಿದರು, ಮುಖ ನೋಡಲಿಲ್ಲ. ಐತ ಅಲ್ಲಿ ದೂಜನಾದ. ಬೆರಳುಗಳು ಒಣಗಿದವು, ಉಗುರುಗಳು ಹೊಸದಾಗಿ ಬಂದವು. ಯಾರಾದರೂ ದೂಜಾ ಎಂದು ಕರೆದಾಗ ಓಗೊಡಲು ಅವನಿಗೆ ಒಂದು ಕ್ಷಣವೂ ತಡವಾಗುತ್ತಿರಲಿಲ್ಲ. ಆರು ವರ್ಷ ಹೇಳಿ ಹೇಳಿ ಪಳಗಿದ ಹೆಸರದು. ಸೇವಂತಿಗೆ ಮಾತ್ರ ಇದು ಸೇರಲಿಲ್ಲ. ಪರಪುರುಷನ ಹೆಸರಿಗೆ ಕಾಗದ ಹಾಕಿಸುವುದು ಹೇಗೆ ಎಂದು ಬೈದು, ಆ ಹೆಸರಿಗೇ ಹಾಕಿಸಿದಳು.

ತಿಂಗಳಾದ ಮೇಲೆ ಒಂದು ಮಧ್ಯಾಹ್ನ ದೂಜ ವಿಳಾಸ ಹುಡುಕಿಕೊಂಡು ಬಂದ. ಇನ್‌ಸ್ಪೆಕ್ಟರು ಎಣಿಸಿದಾಗ ಒಂದು ಕಾರ್ಡು ಕಡಿಮೆ ಬಿದ್ದಿತ್ತು, ದೂಜನದೇ. ಶೆಟ್ಟರು ಅವನನ್ನು ಟೇಬಲಿನಿಂದ ತೆಗೆದು ಹಿಂದಿನ ಬಾಗಿಲಿಗೆ ಹಾಕಿದ್ದರು. ಅವನು ಹೇಳಬೇಕಾಗಿರಲಿಲ್ಲ, ಬೆರಳ ಸಂದುಗಳು ಆಗಲೇ ಬೆಳ್ಳಗಾಗಿದ್ದವು. ಐತ ಅವನನ್ನು ಕೂರಿಸಿ, ಟೇಬಲು ಒರೆಸಿ, ಚಹಾ ತಂದಿಟ್ಟ.

“ನನ್ನ ಕಾರ್ಡು ಕೊಡು ಮಾರಾಯ. ಅದು ನನ್ನ ಹೆಸರು.”

“ಹೆಸರು ನಿನ್ನದೇ. ಜ್ವರ ನನ್ನದು,” ಎಂದ ಐತ. “ಒಂದು ಕೆಲಸ ಮಾಡು. ದವಾಖಾನೆ ಇವತ್ತು ಐದು ಗಂಟೆ ತನಕ ಉಂಟು. ನನ್ನ ಹೆಸರು ಹೇಳಿ ಒಂದು ಚುಚ್ಚಿಸಿಕೊಂಡು ಬಾ. ಆ ಕಾರ್ಡು ನನಗೆ ಕೊಡು, ಇದು ನಿನಗೆ.”

ದೂಜ ಚಹಾ ಕುಡಿದ. ಗಡಿಯಾರ ನೋಡಿದ. ಅಂಗಿಯ ಮೇಲಿನಿಂದಲೇ ಎಡದ ತೋಳನ್ನು ಒಮ್ಮೆ ಮುಟ್ಟಿ ನೋಡಿಕೊಂಡ, ಬಲದ ತೋಳನ್ನೂ ಮುಟ್ಟಿ ನೋಡಿಕೊಂಡ. ಆಮೇಲೆ ಎದ್ದು, ಪಾತ್ರೆ ರಾಶಿ ಬಿದ್ದಿದೆ ಎಂದು ಹೇಳಿ, ಚೆಂಬೂರಿನ ಬಸ್ಸು ಹತ್ತಿದ.