ದೀಪ ಹಚ್ಚಿದ ಮೇಲೆ ಸೂಜಿ

ಬಾಯಿಮಾತಿನಲ್ಲಿ ಮಾಲು ಮಾರುವುದರಲ್ಲಿ ಹಾನಗಲ್ಲಿನಿಂದ ಹಿರೇಕೆರೂರಿನ ತನಕ ನನ್ನನ್ನು ಮೀರಿಸುವವರು ಆಗ ಯಾರೂ ಇರಲಿಲ್ಲ. ಈಗಲೂ ಇಲ್ಲ ಬಿಡಿ. ಅಂಥ ನನ್ನ ಜೀವ ಹಿಂಡಿದ್ದು ಒಂದು ಸೂಜಿ.

ಎರಡನೇ ಮಹಾಯುದ್ಧ ಇನ್ನೂ ಶುರುವಾಗಿರಲಿಲ್ಲ. ಸೂಜಿ-ದಾರದ ಕಂಪನಿಯೊಂದರ ಏಜೆನ್ಸಿ ಹಿಡಿದಿದ್ದೆ. ಆ ಎರಡು ಊರಿನ ಜೊತೆಗೆ ಶಿಗ್ಗಾಂವ, ಸವಣೂರು ಸೇರಿ ನಾಲ್ಕೂ ಸೀಮೆ ನನ್ನ ಜಹಗೀರು. ಹುಬ್ಬಳ್ಳಿಯಲ್ಲಿದ್ದ ಕಂಪನಿ ಸಾಹೇಬನದು ಒಂದೇ ಮಂತ್ರ: ಜಾಹೀರಾತು ಮಾಡಿದ ಮಾಲು ಅಂಗಡಿಯ ಹಲಗೆಯ ಮೇಲೆ ಯಾವತ್ತೂ ತುಂಬಿರಬೇಕು. ಖಾಲಿ ಹಲಗೆ ಕಣ್ಣಿಗೆ ಬಿತ್ತೋ, ಏಜೆನ್ಸಿ ಹಾವೇರಿಯ ನನ್ನ ಷಡ್ಡಕನಿಗೆ. ಏಜೆನ್ಸಿ ಹೋದರೂ ತಡೆದೇನು, ಆಮೇಲೆ ಹಬ್ಬಕ್ಕೆ ಮಾವನ ಮನೆಗೆ ಹೋಗುವುದು ಹೇಗೆ?

ಚಕ್ಕಡಿಯ ಮೇಲೆ ಗ್ರಾಮಫೋನು ಇಟ್ಟು, ಜನ ಹೊಲದಿಂದ ಮರಳುವ ಹೊತ್ತಿಗೇ ಹಚ್ಚಬೇಕೆಂದು ಸಾಹೇಬನ ಅಪ್ಪಣೆ. ಶಿಗ್ಗಾಂವದಲ್ಲಿ ಹಾಡಿಗೆ ಅರ್ಧ ಊರು ಕೂಡಿತು. ಅವ್ವ ಹೊಲಿದ ಕೌದಿಯನ್ನು ನಾನೇ ಹೊಲಿದೆನೆಂದು ತೋರಿಸಿದೆ. ಹೆಂಗಸರು ಅಂಗಡಿಗೆ ಓಡಿದರು. ಅಲ್ಲಿ ಮುದುಕ ಶೆಟ್ಟರು ಆಗಷ್ಟೇ ದೀಪ ಹಚ್ಚಿ ಕೈಮುಗಿಯುತ್ತಿದ್ದರು. ದೀಪ ಹಚ್ಚಿದ ಮೇಲೆ ಸೂಜಿ ಕೊಟ್ಟರೆ ಲಕ್ಷ್ಮಿ ಎದ್ದುಹೋಗುತ್ತಾಳೆಂದು ನಮ್ಮ ಕಡೆ ಕೂಸಿಗೂ ಗೊತ್ತು. ಹೆಂಗಸರು ನಾಲಿಗೆ ಕಚ್ಚಿಕೊಂಡು, ಬರಿಗೈಲಿ ಹೋಗಬಾರದೆಂದು ಬೆಲ್ಲ ಕೊಂಡು ಹೋದರು. ಬೆಳಗಾದರೆ ಎಲ್ಲರಿಗೂ ಹೊಲದ ಚಿಂತೆ, ಸೂಜಿ ಯಾರಿಗೆ ನೆನಪು? ಹಾನಗಲ್ಲಿನಲ್ಲೂ ಇದೇ ಹಾಡು, ಹಿರೇಕೆರೂರಿನಲ್ಲೂ ಇದೇ ಹಾಡು.

ಸಾಹೇಬ ಬಂದ. ತುಂಬಿದ ಹಲಗೆ ನೋಡಿ ಶಾಭಾಸ್ ಅಂದ. ಅದೇ ಉಸಿರಿನಲ್ಲಿ, ಮಾಲು ಯಾಕೆ ಹೋಗಿಲ್ಲವೆಂದು ಬೈದ. ದೀಪದ ವಿಷಯ ಹೇಳಿ, ಹಗಲೇ ಗ್ರಾಮಫೋನು ಹಚ್ಚುತ್ತೇನೆಂದರೆ, ಆಗ ಊರಲ್ಲಿ ಯಾರಿರುತ್ತಾರೆ, ಇದೆಲ್ಲ ಸೋಮಾರಿಯ ನೆಪ ಅಂದ.

ನನ್ನ ತಲೆ ಸಾಮಾನ್ಯದ್ದೇ? ದಾರದ ಉಂಡೆಯೊಳಗೆ ಸೂಜಿ ಅಡಗಿಸಿಟ್ಟೆ. ಮಾರುವುದು ದಾರ, ದಾರಕ್ಕೆ ಲಕ್ಷ್ಮಿಯ ತಕರಾರಿಲ್ಲ. ಶಿಗ್ಗಾಂವದ ಶೆಟ್ಟರಿಗೂ ಸವಣೂರಿನ ಚಾಚಾನಿಗೂ ಅವೇ ಉಂಡೆ ಹಾಕಿದೆ. ಚಾಚಾ ಕಿರಾಣಿ ಅಂಗಡಿಯವನು. ತನಗೇನೂ ಅಡ್ಡಿಯಿಲ್ಲ, ಆದರೆ ದೀಪ ಹಚ್ಚಿದ ಮೇಲೆ ಗಿರಾಕಿಗಳೇ ಸೂಜಿ ಕೇಳುವುದಿಲ್ಲ ಎಂದು ಗೊಣಗುತ್ತಿದ್ದ. ಸವಣೂರಿನಲ್ಲಿ ಗ್ರಾಮಫೋನು ಹಚ್ಚಿದ ಸಂಜೆ ಉಂಡೆಯೊಳಗಿನ ಗುಟ್ಟನ್ನು ಹೆಂಗಸರ ಕಿವಿಯಲ್ಲಿ ಉಸುರಿದೆ, ಒಂದು ಉಂಡೆಯೂ ಉಳಿಯಲಿಲ್ಲ. ಮೀಸೆ ತಿರುವಿಕೊಂಡು ಮಲಗಿದೆ.

ಮರುದಿನ ಬಸ್ಸಿನ ಡ್ರೈವರ್ ಸುದ್ದಿ ತಂದ: ನಾಳೆ ಮುಂಜಾನೆ ಸಾಹೇಬ ಸವಣೂರಿಗೆ ಬರುತ್ತಾನೆ. ಹಲಗೆ ನೋಡಿದರೆ ನುಣ್ಣಗೆ ಖಾಲಿ, ನನ್ನ ಚೀಲವೂ ಖಾಲಿ. ಮಾರದಿದ್ದರೆ ಬೈಗುಳ, ಮಾರಿದರೆ ಏಜೆನ್ಸಿಯೇ ಹೋಗುತ್ತದೆ. ಇಂಥ ಕಂಪನಿಗೆ ಏನೆನ್ನಬೇಕು?

ಶೆಟ್ಟರ ಉಂಡೆಗಳನ್ನಾದರೂ ತರೋಣವೆಂದು ಶಿಗ್ಗಾಂವಕ್ಕೆ ಹೊರಟೆ. ಏರು ಬಂದಲ್ಲೆಲ್ಲ ಬಸ್ಸು ಹೊಗೆಯುಗುಳಿ ನಿಂತಿತು, ನಾವು ಇಳಿದು ನೂಕಿದೆವು. ನಾನು ಮುಟ್ಟಿದಾಗ ಶೆಟ್ಟರ ದೀಪ ಉರಿಯುತ್ತಿತ್ತು.

"ಶೆಟ್ರ, ಆ ದಾರದ ಉಂಡಿ ಹೊಳ್ಳಿ ಕೊಡ್ರಿ."

"ದೀಪ ಹಚ್ಚೇನಿ."

"ಅದು ದಾರ ಐತ್ರಿ."

"ಒಳಗ ಏನೈತಿ ಅನ್ನೋ ಸುದ್ದಿ ಸವಣೂರಿಂದ ನಿನಗಿಂತ ಮೊದಲ ಬಂದೈತಿ, ತಮ್ಮಾ. ಊರಿಗೆ ಟೊಪ್ಪಿಗಿ ಹಾಕು, ಲಕ್ಷ್ಮಿಗೆ ಹಾಕಬ್ಯಾಡ."

"ಮಾರಬ್ಯಾಡ್ರಿ, ಸುಮ್ನ ಕೊಡ್ರಿ."

"ಸುಮ್ನ ಕೊಡೋದು ಇನ್ನೂ ಕೆಟ್ಟ. ರೊಟ್ಟಿ ತಿಂದು ಮಲ್ಕೋ. ಮುಂಜಾನೆ ಒಯ್ಯಿ."

ನನ್ನದೇ ಉಪಾಯ ನನ್ನನ್ನೇ ಕಚ್ಚಿತ್ತು. ರೊಟ್ಟಿಯ ಜೊತೆಗಿನ ಜುಣಕ ರುಚಿಯಾಗಿತ್ತು, ಅದೊಂದು ಸಮಾಧಾನ.

ನಸುಕಿನಲ್ಲಿ ಪೆಟ್ಟಿಗೆ ಹೊತ್ತು ಬಸ್ಸು ಹತ್ತಿದರೆ ಮುಂದಿನ ಸೀಟಿನಲ್ಲಿ ಸಾಹೇಬ. ಪೆಟ್ಟಿಗೆಯಲ್ಲಿ ಏನೆಂದು ಕೇಳಿದ. ಹುಲಗೂರಿನ ದರ್ಗಾಕ್ಕೆ ಹರಕೆಯ ಸಕ್ಕರೆ ಅಂದೆ. ಪಾಪ, ಪೆಟ್ಟಿಗೆಗೆ ಕೈಮುಗಿದ. ಸವಣೂರಿನಲ್ಲಿ ಇಳಿದೊಡನೆ ಅವನ ತೋಳು ಹಿಡಿದೆ.

"ಸವಣೂರಿನ ಎಲಿ ತಿನ್ನದ ಹ್ವಾದ್ರ ಊರಿಗೆ ಅಪಮಾನರಿ, ಸಾಹೇಬ್ರ."

ವೀಳ್ಯದೆಲೆ ಅಂಗಡಿಯವನಿಗೆ ಕಣ್ಣು ಹೊಡೆದು, ನಿಧಾನವಾಗಿ ಕಟ್ಟೆಂದು ಹೇಳಿ, ಚಾಚಾನ ಹಿತ್ತಲ ಬಾಗಿಲಿಗೆ ಓಡಿದೆ. ಸಾಹೇಬ ಬಾಯಿ ತುಂಬ ಎಲೆ ಜಗಿಯುತ್ತ ಬರುವಷ್ಟರಲ್ಲಿ ಹಲಗೆ ತುಂಬಿತ್ತು. ತಲೆಯಾಡಿಸಿದ, ಹೊರಗೆ ಉಗುಳಿ ಬಂದ, ಆಮೇಲೆ ಬಾಯಿ ಬಿಟ್ಟ.

"ಇನ್ಮ್ಯಾಲೆ ಹೇಳದ ಕೇಳದ ಬರ್ತೇನಿ. ಯಾವಾಗ ನೋಡಿದ್ರೂ ಹಿಂಗ ಇರಬೇಕು."

ಅವನು ಬಸ್ಸು ಹತ್ತುವ ಮೊದಲೇ ಗಿರಾಕಿಗಳು ಮತ್ತೆ ಹಲಗೆ ಖಾಲಿ ಮಾಡತೊಡಗಿದ್ದರು. ಅಂದೇ ಮೈದಾಹಿಟ್ಟಿನ ಅಂಟು ಕುದಿಸಿ, ಮುಂದಿನ ಸಾಲಿನ ಉಂಡೆಗಳನ್ನು ಹಲಗೆಗೆ ಗಟ್ಟಿಯಾಗಿ ಅಂಟಿಸಿಬಿಟ್ಟೆ. ಚಾಚಾ ಒಂದನ್ನು ಜಗ್ಗಿ ನೋಡಿದ.

"ಏ, ಇದು ಬರವಲ್ದಲ್ಲೋ."

"ಬರಬಾರದು, ಚಾಚಾ. ಆ ಸಾಲು ಸಾಹೇಬಗ. ಗಿರಾಕಿಗೆ ಹಿಂದಿನ ಸಾಲಿಂದ ಕೊಡು."

ಸಾಹೇಬ ಆಮೇಲೆ ಎಷ್ಟು ಸಲ ಬಂದರೂ ಹಲಗೆ ತುಂಬಿಯೇ ಇತ್ತು. ಹಾವೇರಿಯ ಷಡ್ಡಕ ಕಾದೂ ಕಾದೂ ಕಡೆಗೆ ಹೆಂಡತಿಯ ಹೊಲಿಗೆಗೆ ಸೂಜಿಯನ್ನು ನನ್ನ ಹತ್ತಿರವೇ ಕೊಂಡ. ಹಗಲಿನಲ್ಲಿ.