ದೊಡ್ಡ ಟೀವಿ, ಇರುವೆಯಷ್ಟು ಅಕ್ಷರ

ಬೆಳಕು ಹರಿಯುತ್ತಿದೆ. ಡೆನ್ಮಾರ್ಕಿನ ಪಡುವಣ ಕರಾವಳಿಯ ನಮ್ಮ ಬಂದರಿನಲ್ಲಿ ಮೀನಿನ ಪೆಟ್ಟಿಗೆಗಳು ತಕ್ಕಡಿಯ ಮುಂದೆ ಸಾಲುಗಟ್ಟಿವೆ, ಸಾಲು ಮಾತ್ರ ಕದಲುತ್ತಿಲ್ಲ. ಹರಾಜುಕಟ್ಟೆಯ ತೂಕದ ಲೆಕ್ಕ ಇಡುವ ಕಂಪ್ಯೂಟರ್, ಲಿನಕ್ಸ್ ಸರ್ವರ್, ಅದರ ಪಕ್ಕ ಬೋಡಿಲಕ್ಕ ಕುಕ್ಕರಗಾಲಲ್ಲಿ ಕೂತು ತಲೆ ಕೆರೆದುಕೊಳ್ಳುತ್ತಿದ್ದಾಳೆ.

"ಏನಕ್ಕಾ, ನಿನ್ನ ಯಂತ್ರ ಇನ್ನೂ ಹಾಸಿಗೆ ಬಿಟ್ಟಿಲ್ವಾ?" ದೋಣಿಯವರು ಕಿಚಾಯಿಸುತ್ತಾರೆ.

"ಎದ್ದಿದೆ ಕಣ್ರೋ. ಯಾಕೆ ತೆವಳ್ತಿದೆ ಅಂತಾನೇ ತಿಳೀತಿಲ್ಲ!"

ಇವತ್ತೂ ಹರಾಜು ತಡವಾದರೆ ನಾಳೆಯಿಂದ ಪಕ್ಕದ ಬಂದರಿಗೆ ಹೋಗುತ್ತೇವೆ ಎಂದು ದೊಡ್ಡ ಖರೀದಿದಾರರು ಹೇಳಿಬಿಟ್ಟಿದ್ದಾರೆ.

ಬೋಡಿಲಕ್ಕ ಮೊದಲು ಇಲ್ಲೇ ಮೀನು ಸೀಳುತ್ತಿದ್ದವಳು. ಚಳಿಗೆ ಮಣಿಕಟ್ಟು ಸೋತಾಗ ತಾನೇ ಒದ್ದಾಡಿ ಕಂಪ್ಯೂಟರ್ ಕಲಿತಳು. ದಿನಕ್ಕೆ ಸಾವಿರದಷ್ಟು ಪೆಟ್ಟಿಗೆ. ಒಂದೊಂದು ತೂಗಿದಾಗಲೂ ಸರ್ವರ್‌ನ ಪರದೆಯಲ್ಲಿ ದೋಣಿಯ ಹೆಸರಿನ ಒಂದು ಸಾಲು ಮೂಡುತ್ತದೆ, ಅದು ಮೂಡಿದ ಮೇಲೆಯೇ ಮುಂದಿನ ಪೆಟ್ಟಿಗೆ. ಆ ಪರದೆ ಇರುವುದು ಕಾಫಿ ಕೋಣೆಯಲ್ಲಿ, ಎಲ್ಲರಿಗೂ ಕಾಣುವಂತೆ. "ಹೆಸರು ಕಾಣ್ಲಿಲ್ಲ ಅಂದ್ರೆ ಮೀನೇ ತೂಗಿಲ್ಲ ಅಂತಾರೆ," ನಗುತ್ತಾಳೆ.

ಮೊನ್ನೆ ಕರೆಂಟು ಹೋಗಿ ಬಂದಾಗಿನಿಂದ ಈ ಗೋಳು. ಡಿಸ್ಕ್ ನೋಡಿದ್ದಾಳೆ, ಕೇಬಲ್ ಬದಲಿಸಿದ್ದಾಳೆ, ಎಲ್ಲ ಸರಿಯಿದೆ. ತನ್ನ ಲ್ಯಾಪ್‌ಟಾಪಿನಿಂದ ಒಳಹೊಕ್ಕರೆ ಅದೇ ಸರ್ವರ್ ಚುರುಕಾಗಿ ಉತ್ತರ ಕೊಡುತ್ತದೆ. ಪರದೆಯ ಸಾಲುಗಳು ಮಾತ್ರ ಏದುಸಿರು ಬಿಡುತ್ತಾ ಮೇಲೇರುತ್ತವೆ. "ನಂಗೇ ಹುಚ್ಚು ಹಿಡೀತಿದ್ಯೋ, ಇದಕ್ಕೋ?"

ಒಂದು ಲೋಟ ಕಾಫಿಗೆಂದು ಹೋದರೆ, ಕಾಫಿ ಕೋಣೆಯಲ್ಲಿ ಥೊರ್ಕಿಲಜ್ಜ ರೈ ಬ್ರೆಡ್ಡು ಜಗಿಯುತ್ತಾ ಕೂತಿದ್ದಾನೆ. ಸಮುದ್ರಕ್ಕೆ ಇಳಿಯುವುದನ್ನು ಬಿಟ್ಟು ವರ್ಷಗಳಾದವು, ಕಣ್ಣು ಮಂಜು. ಅವನಿಗೆ ಕಾಣಲಿ ಎಂದೇ ಹೋದ ವಾರ ಎಲ್ಲರೂ ಸೇರಿ ಹಳೆಯ ಪರದೆ ತೆಗೆದು ದೊಡ್ಡ ಟೀವಿ ಹಾಕಿಸಿದ್ದಾರೆ.

"ಅಲ್ವೇ ಬೋಡಿಲ್, ಟೀವಿ ಇಷ್ಟು ದೊಡ್ಡದು, ಅಕ್ಷರ ಯಾಕೆ ಇರುವೆಯಷ್ಟು? ಮೊದಲೆರಡು ದಿನ ಚೆನ್ನಾಗಿತ್ತು."

"ಯಾವಾಗ ಸಣ್ಣ ಆಯ್ತು ಅಜ್ಜಾ?"

"ಕರೆಂಟು ಹೋಗಿ ಬಂತಲ್ಲ, ಆಗ."

ಬೋಡಿಲಕ್ಕ ಕಾಫಿ ಅಲ್ಲೇ ಬಿಟ್ಟು ಸರ್ವರ್ ಬಳಿ ಓಡುತ್ತಾಳೆ. ಕರೆಂಟು ಹೋಗುವವರೆಗೆ ಹಳೆಯ ಪರದೆಯ ಅಳತೆಯಲ್ಲೇ ಬರೆಯುತ್ತಿದ್ದ ಸರ್ವರ್, ಮತ್ತೆ ಶುರುವಾಗುವಾಗ ದೊಡ್ಡ ಟೀವಿಯನ್ನು ಕಂಡು, ಅದರ ಅಷ್ಟೂ ಚುಕ್ಕಿಗಳನ್ನು, ಅಂದರೆ ಪಿಕ್ಸೆಲ್‌ಗಳನ್ನು, ಸಣ್ಣ ಅಕ್ಷರಗಳಿಂದ ತುಂಬಲು ಹೊರಟಿದೆ. ಒಂದು ಸಾಲು ಮೇಲೇರಬೇಕಾದರೆ ಇಡೀ ಚಿತ್ರವನ್ನೇ ಮತ್ತೆ ಬರೆಯಬೇಕು. ಅದು ಮುಗಿಯುವವರೆಗೆ ತಕ್ಕಡಿ ಕಾಯಬೇಕು.

"ಟೀವಿ ಕಿತ್ತು ಬಿಸಾಕು!" ಯಾರೋ ಕೂಗುತ್ತಾರೆ.

"ಅಜ್ಜನ ಟೀವಿ ಮುಟ್ಟೀರಿ, ಜೋಕೆ!" ಬೋಡಿಲಕ್ಕ ಗದರುತ್ತಾಳೆ.

ಶುರುವಾಗುವಾಗಲೇ ಹಳೆಯ ದಪ್ಪ ಅಕ್ಷರದ ಅಳತೆ ಹಿಡಿಯುವಂತೆ ಸರ್ವರ್‌ಗೆ ಆದೇಶ ಬರೆದು, ಅದನ್ನು ಆರಿಸಿ ಹಚ್ಚುತ್ತಾಳೆ. ಟೀವಿಯ ಮೇಲೆ ಹೆಬ್ಬೆರಳಷ್ಟು ಅಕ್ಷರಗಳು ಮೂಡುತ್ತವೆ, ಸಾಲುಗಳು ಓಡತೊಡಗುತ್ತವೆ. ಪೆಟ್ಟಿಗೆಗಳು ಕದಲುತ್ತವೆ. ಹೊತ್ತಿಗೆ ಸರಿಯಾಗಿ ಹರಾಜಿನ ಗಂಟೆ ಮೊಳಗುತ್ತದೆ.

"ಏಯ್, ನನ್ನ ಹಳೇ ದೋಣಿ ಹೆಸರು ಬಂತು ನೋಡ್ರೋ!" ಒಳಗಿನಿಂದ ಅಜ್ಜನ ಕೂಗು.

ಬೋಡಿಲಕ್ಕ ಒಳಗೆ ಬಂದು ಆರಿದ ಕಾಫಿ ಎತ್ತಿಕೊಳ್ಳುತ್ತಾಳೆ. "ಚುಕ್ಕಿ ಬರಿಯೋಕೆ ಅದಕ್ಕೆ ಅಷ್ಟೊಂದು ಹೊತ್ತು ಯಾಕೆ ಬೇಕೋ, ನಂಗಿನ್ನೂ ಗೊತ್ತಾಗಿಲ್ಲ. ಒಂದಿನ ಕೂತು ಓದ್ಬೇಕು. ಸದ್ಯಕ್ಕೆ ಅಜ್ಜ ಓದ್ತಿದ್ದಾನಲ್ಲ, ಸಾಕು."