ಆಸ್ಪತ್ರೆಯಿಂದ ಬಂದ ಬೋಸ್ನಿಯಾದ ಪಾಠ

ಹಿಟ್ನಾಳದ ಮನೆಯಲ್ಲಿ ಜೋಳ ಹಸನು ಮಾಡುತ್ತಿದ್ದೆ. ಕೊಪ್ಪಳದ ಅಂಚೆ ಕಚೇರಿಗೆ ನಮ್ಮವರ ಕಾಗದ ಬಂದಿದೆಯೆಂದು ತಿಳಿದು ಅತ್ತೆಯೊಡನೆ ಬಂಡಿ ಹತ್ತಿದೆ. ಸೈನ್ಯ ಸೇರಿದ್ದ ಅವರು ಯುದ್ಧದಲ್ಲಿ ಕಾಲಿಗೆ ಗುಂಡು ಬಿದ್ದು ಇಟಲಿಯ ಆಸ್ಪತ್ರೆಯಲ್ಲಿದ್ದರು.

ಕಚೇರಿಯ ಕಟ್ಟೆಯ ಮೇಲೆ ಕುಳಿತು ಅತ್ತೆಗೆ ಓದಿ ಹೇಳಿದೆ. ಕಾಲಿನ ಸುದ್ದಿಯೇ ಇಲ್ಲ. ಪಕ್ಕದ ಹಾಸಿಗೆಯ ಬೋಸ್ನಿಯಾದವನು ಕಲಿಸಿದ ಅವನ ಭಾಷೆಯೇ ತುಂಬಿದೆ. ‘ಯೆದೆಮ್’ ಎಂದರೆ ಉಣ್ಣುತ್ತೇನೆ, ‘ಯೆದೆಶ್’ ಎಂದರೆ ಉಣ್ಣುತ್ತೀ. ನಮ್ಮಲ್ಲಿಯಂತೆ ಅಲ್ಲಿಯೂ ಕ್ರಿಯಾಪದದ ಕೊನೆ ನೋಡಿದರೆ ಯಾರೆಂದು ತಿಳಿಯುತ್ತದಂತೆ. ಕುಳಿತುಕೊಳ್ಳುವುದು, ಮಲಗುವುದು ಎಲ್ಲವನ್ನೂ ಹೀಗೇ ಬರೆದಿದ್ದರು.

“ನಡಿಯೂದು ಬರದಾನೇನವಾ?” ಅತ್ತೆ ಕೇಳಿದರು.

ಹಾಳೆ ಹೊರಳಿಸಿ ನೋಡಿದೆ. ಇರಲಿಲ್ಲ.

“ಅದನ್ನ ಇನ್ನೂ ಕಲ್ತಿಲ್ಲ ಕಾಣ್ತೈತ್ರಿ, ಅತ್ತಿ.”

“ಉಣ್ಣಾಕತ್ಯಾನಲ್ಲ, ದೇವರು ದೊಡ್ಡಾವ” ಎಂದರು. ಕಣ್ಣು ಮಾತ್ರ ಕಾಗದ ಬಿಟ್ಟು ಕದಲಲಿಲ್ಲ.

ಬೆಳಗಿನಿಂದ ಅತ್ತೆ ಏನೂ ತಿಂದಿರಲಿಲ್ಲ. ರೊಟ್ಟಿಯ ಗಂಟು ಬಿಚ್ಚಿದೆ.